ಬೆಳಕಿಗೊಂದು ಲಗಾಮು: ಕಿಟಕಿ ಪರದೆಗಳ ಕಥೆ



ಕಿಟಕಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ‘ಗಾಳಿ, ಬೆಳಕು ಬರಲಿಕ್ಕೆ’ ಎಂದು ನೀವು ತಟ್ಟನೆ ಹೇಳುತ್ತೀರಿ. ಉತ್ತರ ಸರಿ, ಆದರೆ ಪೂರ್ಣವಲ್ಲ. ಅದೇ ದಾರಿಯಲ್ಲಿ ಬಿಸಿಲಿನ ಝಳವೂ ಬರುತ್ತದೆ, ಧೂಳು ಬರುತ್ತದೆ, ಬೀದಿಯಲ್ಲಿ ಹೋಗುವವರ ಕಣ್ಣೂ ಬರುತ್ತದೆ. ಕದ ಮುಚ್ಚಿಬಿಟ್ಟರೆ ಇವೆಲ್ಲ ನಿಲ್ಲುತ್ತವೆ ನಿಜ, ಆದರೆ ಗಾಳಿ ಬೆಳಕುಗಳೂ ನಿಲ್ಲುತ್ತವೆ. ಬೇಕಾದ್ದನ್ನು ಮಾತ್ರ ಒಳಗೆ ಬಿಟ್ಟು, ಬೇಡದ್ದನ್ನು ಹೊರಗೇ ತಡೆಯುವುದು ಹೇಗೆ? ಮನುಷ್ಯ ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳೇ ನಾವು ಇಂದು ‘ಬ್ಲೈಂಡ್’ ಎಂದು ಕರೆಯುವ ಬಗೆಬಗೆಯ ಕಿಟಕಿ ಪರದೆಗಳು.

ನೋಡಲು ಇದು ಅಂಗಡಿಯಲ್ಲಿ ಅಳತೆ ಕೊಟ್ಟು ಕೊಳ್ಳುವ ಸಾಮಾನು. ಆದರೆ ಇದರೊಳಗೆ ನಿಮ್ಮ ಪಠ್ಯಪುಸ್ತಕದ ರಾಟೆ, ಸ್ಪ್ರಿಂಗ್, ಗುಪ್ತೋಷ್ಣ, ಅವಕೆಂಪು ಕಿರಣ ಎಲ್ಲವೂ ಇವೆ. ಸಮಾಜದ ಇತಿಹಾಸವೂ ಇದೆ. ಈ ಕಥೆಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪರದೆ ತೂಗುವುದು ಕಿಟಕಿಯ ಒಳಗೋ ಹೊರಗೋ? ಅದರ ಹಗ್ಗ ಯಾರ ಕೈಯಲ್ಲಿದೆ?

ಕಲ್ಲಿನಿಂದ ಬಿದಿರಿಗೆ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಪ್ರವಾಸ ಹೋದವರು ಅಲ್ಲಿನ ಕಲ್ಲಿನ ಜಾಲಂಧ್ರಗಳನ್ನು ನೋಡಿರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಗೆ ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಇವು ಸೇರಿದವು. ಸಣ್ಣ ಸಣ್ಣ ರಂಧ್ರಗಳ ಮೂಲಕ ಬೆಳಕು ಸೋಸಿಕೊಂಡು ಒಳಗೆ ಬರುತ್ತದೆ, ಗಾಳಿಯೂ ಆಡುತ್ತದೆ. ಆದರೆ ಜಾಲಂಧ್ರಕ್ಕೆ ಒಂದು ಮಿತಿ ಉಂಟು. ಬೆಳಿಗ್ಗೆ ಎಷ್ಟು ತೆರೆದಿದೆಯೋ ಮಧ್ಯಾಹ್ನವೂ ಅಷ್ಟೇ, ರಾತ್ರಿಯೂ ಅಷ್ಟೇ. ಸೂರ್ಯ ಜಾಗ ಬದಲಾಯಿಸಿದರೂ ಕಲ್ಲು ಕದಲುವುದಿಲ್ಲ. ಹೊತ್ತಿಗೆ ತಕ್ಕಂತೆ ಏರಿಸಿ ಇಳಿಸುವಂಥ ಪರದೆ ಬೇಕೆಂದರೆ ಹಗುರವಾದ ವಸ್ತು ಬೇಕು.

ನಮ್ಮ ದೇಶದಲ್ಲಿ ಆ ವಸ್ತು ಬಿದಿರು. ಮೇದರು ಬಿದಿರನ್ನು ಸೀಳಿ ಬುಟ್ಟಿ, ಮೊರ, ತಡಿಕೆ ಹೆಣೆಯುವುದನ್ನು ನೀವು ನೋಡಿರಬಹುದು. ಹನ್ನೆರಡನೆಯ ಶತಮಾನದ ವಚನಕಾರ ಮೇದರ ಕೇತಯ್ಯನ ಕಾಯಕವೂ ಇದೇ ಆಗಿತ್ತು. ಬಿದಿರಿನ ತೆಳುವಾದ ಕಡ್ಡಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಹತ್ತಿಯ ದಾರದಿಂದ ಕಟ್ಟಿದರೆ ಸುರುಳಿ ಸುತ್ತಬಹುದಾದ ಪರದೆ ಸಿದ್ಧ. ಉತ್ತರ ಭಾರತದಲ್ಲಿ ಇದನ್ನು ‘ಚಿಕ್’ ಎನ್ನುತ್ತಾರೆ. ಬ್ರಿಟಿಷರು ಈ ಪದವನ್ನು ತಮ್ಮ ಭಾಷೆಗೂ ಸೇರಿಸಿಕೊಂಡರು.

ಚಿಕ್ಕನ್ನು ಮೇಲೆತ್ತುವ ಬಗೆ ನೋಡಿ. ಹಗ್ಗದ ಒಂದು ತುದಿಯನ್ನು ಪರದೆಯ ಹಿಂಬದಿಯಲ್ಲಿ, ಮೇಲಿನ ಪಟ್ಟಿಗೆ ಕಟ್ಟಿರುತ್ತಾರೆ. ಹಗ್ಗ ಹಿಂದಿನಿಂದ ಕೆಳಗಿಳಿದು, ಸುರುಳಿಯನ್ನು ತಳದಿಂದ ಬಳಸಿ, ಮುಂಬದಿಯಲ್ಲಿ ಮೇಲಕ್ಕೆ ಬಂದು ಒಂದು ಸಣ್ಣ ರಾಟೆಯ ಮೇಲೆ ಹಾಯುತ್ತದೆ. ಹಗ್ಗ ಎಳೆದಾಗ ಪರದೆ ತಾನೇ ಸುತ್ತಿಕೊಳ್ಳುತ್ತಾ ಮೇಲೇರುತ್ತದೆ. ಇಲ್ಲಿ ಸುರುಳಿಯೇ ಒಂದು ಚಲಿಸುವ ರಾಟೆ! ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಸುರುಳಿಯ ತೂಕದ ಅರ್ಧದಷ್ಟು ಬಲ ಸಾಕು. ಬದಲಿಗೆ, ಪರದೆ ಒಂದು ಅಡಿ ಏರಬೇಕಾದರೆ ಎರಡು ಅಡಿ ಹಗ್ಗ ಎಳೆಯಬೇಕು. ಪ್ರಕೃತಿ ಏನನ್ನೂ ಬಿಟ್ಟಿ ಕೊಡುವುದಿಲ್ಲ.

ನೀರು ಕುಡಿಯುವ ಪರದೆ

ಚಿಕ್ ಬಿಸಿಲನ್ನು ತಡೆಯಿತು. ಆದರೆ ಉತ್ತರದ ಬಯಲಿನಲ್ಲಿ ಬೇಸಿಗೆಯ ಒಣ ಬಿಸಿಗಾಳಿ ‘ಲೂ’ ಬೀಸುವಾಗ ನೆರಳೊಂದೇ ಸಾಲದು. ಅಲ್ಲಿ ಲಾವಂಚದ ಬೇರಿನ ತಟ್ಟಿ ನೆರವಿಗೆ ಬಂತು. ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಕಾಲದ ಲಾವಂಚದ ಕೋಣೆಗಳ ವಿಷಯ ಬರುತ್ತದೆ. ಬೇರಿನ ತಟ್ಟಿಗೆ ನೀರು ಎರಚಿದರೆ ಬಿಸಿಗಾಳಿ ಅದರ ಮೂಲಕ ಹಾಯುವಾಗ ತಂಪಾಗಿ, ಪರಿಮಳ ಹೊತ್ತು ಒಳಗೆ ಬರುತ್ತದೆ.

ಇದು ಹೇಗೆ ಸಾಧ್ಯ? ನೀರು ಆವಿಯಾಗಲು ಶಾಖ ಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. ಅದನ್ನೇ ನಾವು ಗುಪ್ತೋಷ್ಣ ಎನ್ನುತ್ತೇವೆ. ತಟ್ಟಿಯಲ್ಲಿ ಆ ಶಾಖ ಬರುವುದು ಹಾಯುವ ಗಾಳಿಯಿಂದಲೇ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಆದರೆ ಗಾಳಿ ಒಣಗಿರಬೇಕು. ಕಲಬುರಗಿ, ರಾಯಚೂರುಗಳ ಏಪ್ರಿಲ್ ತಿಂಗಳಲ್ಲಿ ತಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಎಷ್ಟು ನೀರು ಎರಚಿದರೂ ಪ್ರಯೋಜನವಿಲ್ಲ. ಅಲ್ಲಿ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ಒಳಗೆ ಕುಳಿತವರಿಗೆ ತಂಪಾಗಬೇಕಾದರೆ ಹೊರಗೆ, ಅದೇ ಬಿಸಿಗಾಳಿಯಲ್ಲಿ ನಿಂತು ಯಾರಾದರೂ ಮತ್ತೆ ಮತ್ತೆ ನೀರು ಎರಚುತ್ತಿರಬೇಕು. ಅರಮನೆಗಳಲ್ಲಿ, ಆಮೇಲೆ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ಈ ಕೆಲಸ ಆಳುಗಳದಾಗಿತ್ತು. ತಟ್ಟಿಯ ತಂಪು ಅವರ ಪಾಲಿಗಿರಲಿಲ್ಲ.

ನೋಡುವವರು, ನೋಡಿಸಿಕೊಳ್ಳುವವರು

ಪರದೆ ತಡೆಯುವುದು ಬಿಸಿಲನ್ನಷ್ಟೇ ಅಲ್ಲ, ನೋಟವನ್ನೂ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ 1616ರಲ್ಲಿ ಅಜ್ಮೀರಿನಲ್ಲಿ ಜಹಾಂಗೀರ್ ಬಾದಶಹನನ್ನು ನೋಡಲು ಹೋದಾಗ ನಡೆದ ಒಂದು ಸಂಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಒಂದು ಕಿಟಕಿಗೆ ಜೊಂಡಿನ ಪರದೆ ಹಾಕಿತ್ತು. ಅದರ ಹಿಂದೆ ಬಾದಶಹನ ಇಬ್ಬರು ರಾಣಿಯರಿದ್ದರು. ಈ ಪರದೇಶಿಯನ್ನು ನೋಡುವ ಕುತೂಹಲಕ್ಕೆ ಅವರು ಪರದೆಯಲ್ಲಿ ಸಣ್ಣ ತೂತುಗಳನ್ನೇ ಮಾಡಿಕೊಂಡರು. ರೋಗೆ ಮೊದಲು ಬೆರಳು ಕಂಡಿತು, ಆಮೇಲೆ ಒಂದು ಕಣ್ಣು, ಕೊನೆಗೆ ಮುಖವೂ ಕಂಡಿತಂತೆ.

ಈ ಪ್ರಸಂಗದಲ್ಲಿ ಭೌತಶಾಸ್ತ್ರವೂ ಇದೆ. ಹಗಲಿನಲ್ಲಿ ಜೊಂಡಿನ ಪರದೆಯ ಹೊರಮೈ ಬಿಸಿಲಿಗೆ ಹೊಳೆಯುತ್ತದೆ. ಹೊರಗೆ ನಿಂತವರ ಕಣ್ಣಿಗೆ ಆ ಹೊಳಪೇ ತುಂಬಿಕೊಂಡು, ಒಳಗಿನ ಮಂದ ಬೆಳಕಿನಲ್ಲಿರುವವರು ಕಾಣುವುದಿಲ್ಲ. ಒಳಗಿರುವವರು ಸಂದಿಗೆ ಕಣ್ಣಿಟ್ಟರೆ ಹೊರಗಿನ ಬೆಳಗಿದ ಲೋಕ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಒಳಗೆ ದೀಪ ಹಚ್ಚಿದೊಡನೆ ಎಲ್ಲ ತಿರುಗುಮುರುಗು. ಜೈಪುರದ ಹವಾಮಹಲ್ ನಿಂತಿರುವುದು ಈ ತತ್ತ್ವದ ಮೇಲೆಯೇ. 1799ರಲ್ಲಿ ಕಟ್ಟಿದ ಅದರ 953 ಪುಟ್ಟ ಕಿಟಕಿಗಳ ಹಿಂದೆ ನಿಂತು ಅರಮನೆಯ ಹೆಂಗಸರು ಬೀದಿಯ ಮೆರವಣಿಗೆಗಳನ್ನು ನೋಡುತ್ತಿದ್ದರು. ಅವರು ಎಲ್ಲರನ್ನೂ ನೋಡಬಹುದಿತ್ತು, ಅವರನ್ನು ಯಾರೂ ನೋಡುವಂತಿರಲಿಲ್ಲ. ಬೀದಿಗಿಳಿಯುವ ಸ್ವಾತಂತ್ರ್ಯ ಮಾತ್ರ ಅವರಿಗಿರಲಿಲ್ಲ. ಆ ಪರದೆ ಹಾಕುವುದೋ ತೆಗೆಯುವುದೋ ಎಂದು ತೀರ್ಮಾನಿಸುವವರು ಬೇರೆಯವರು. ರಾಣಿಯರು ಜೊಂಡಿನಲ್ಲಿ ಮಾಡಿದ ತೂತು ಅದಕ್ಕೇ ಸಣ್ಣ ಸಂಗತಿಯಲ್ಲ.

ಯುರೋಪಿನಲ್ಲೂ ಇಂಥದೇ ನೆನಪು ಒಂದು ಪದದಲ್ಲಿ ಉಳಿದಿದೆ. ಪಟ್ಟಿ ಪಟ್ಟಿಯಾದ ಕಿಟಕಿಯನ್ನು ಫ್ರೆಂಚರು ‘ಜಲೂಸಿ’ ಎಂದರು. ಆ ಪದದ ಅರ್ಥ ಮತ್ಸರ, ಸಂಶಯ!

ವೆನಿಸ್‌ನ ಹೆಸರು, ಲೋಕದ ಪರದೆ

ಮರದ ತೆಳುಪಟ್ಟಿಗಳನ್ನು ಒಂದರ ಕೆಳಗೊಂದು ತೂಗಬಿಟ್ಟ ಪರದೆಗೆ ಇಂಗ್ಲಿಷರು ‘ವೆನಿಷಿಯನ್ ಬ್ಲೈಂಡ್’ ಎಂದು ಹೆಸರಿಟ್ಟರು. ಅತ್ತ ಇಟಲಿಯವರೂ ಫ್ರೆಂಚರೂ ತಮ್ಮ ಪಟ್ಟಿಕಿಟಕಿಗಳಿಗೆ ಪರ್ಷಿಯದ ಹೆಸರಿಟ್ಟು ‘ಪೆರ್ಸಿಯಾನ’, ‘ಪೆರ್ಸಿಯೆನ್’ ಎಂದರು. ಪ್ರತಿಯೊಬ್ಬರೂ ತಮ್ಮ ಪೂರ್ವಕ್ಕಿದ್ದ ನಾಡಿನತ್ತ ಬೆರಳು ತೋರಿಸಿದ್ದಾರೆ. 1769ರಲ್ಲಿ ಲಂಡನ್ನಿನ ಎಡ್ವರ್ಡ್ ಬೆವನ್ ಇಂಥ ಪರದೆಗೆ ಪೇಟೆಂಟ್ ಪಡೆದ. ಅದೇ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲೂ ಇವು ಮಾರಾಟಕ್ಕಿದ್ದವು. 1841ರಲ್ಲಿ ನ್ಯೂ ಆರ್ಲಿಯನ್ಸ್‌ನ ಜಾನ್ ಹ್ಯಾಂಪ್ಸನ್ ಪಟ್ಟಿಗಳನ್ನು ಬೇಕಾದ ಕೋನದಲ್ಲಿ ನಿಲ್ಲಿಸುವ ಉಪಾಯಕ್ಕೆ ಪೇಟೆಂಟ್ ಪಡೆದ.

ಇದರ ಕೆಲಸ ಎರಡು ಬಗೆಯದು, ಎರಡಕ್ಕೂ ಬೇರೆ ಬೇರೆ ಹುರಿಗಳು. ಒಂದು ಹುರಿ ಪಟ್ಟಿಗಳ ನಡುವಿನ ತೂತುಗಳ ಮೂಲಕ ಹಾದು ಅತ್ಯಂತ ಕೆಳಗಿನ ದಪ್ಪ ಪಟ್ಟಿಗೆ ಕಟ್ಟಿರುತ್ತದೆ. ಅದನ್ನು ಎಳೆದರೆ ಕೆಳಪಟ್ಟಿ ಮೇಲೇರುತ್ತಾ ಉಳಿದವನ್ನು ತನ್ನ ಮೇಲೆ ಪೇರಿಸಿಕೊಳ್ಳುತ್ತದೆ. ಇನ್ನೊಂದು, ಪುಟ್ಟ ಹಗ್ಗದ ಏಣಿ. ಪ್ರತಿ ಪಟ್ಟಿಯೂ ಏಣಿಯ ಒಂದೊಂದು ಮೆಟ್ಟಿಲಿನ ಮೇಲೆ ಮಲಗಿರುತ್ತದೆ. ಏಣಿಯ ಮುಂದಿನ ಕಾಲನ್ನು ಮೇಲೆತ್ತಿ ಹಿಂದಿನದನ್ನು ಇಳಿಸಿದರೆ ಮೆಟ್ಟಿಲುಗಳೆಲ್ಲ ಒಟ್ಟಿಗೆ ವಾಲುತ್ತವೆ, ಜೊತೆಗೆ ಪಟ್ಟಿಗಳೂ ವಾಲುತ್ತವೆ. ಇಂದಿನ ಪರದೆಗಳಲ್ಲಿ ಏಣಿಯನ್ನು ತಿರುಗಿಸಲು ಉದ್ದನೆಯ ಕಡ್ಡಿ ಇರುತ್ತದೆ. ಅದರ ತುದಿಯಲ್ಲಿರುವುದು ಸ್ಕ್ರೂವಿನಂತೆ ಸುರುಳಿ ಹಲ್ಲಿನ ವರ್ಮ್ ಗೇರ್. ಕಡ್ಡಿ ತಿರುಗಿಸಿದರೆ ಗಾಲಿ ತಿರುಗುತ್ತದೆ, ಆದರೆ ಗಾಲಿಯನ್ನು ಒತ್ತಿದರೆ ಕಡ್ಡಿ ತಿರುಗುವುದಿಲ್ಲ. ಅದಕ್ಕೇ ಗಾಳಿ ಬೀಸಿದರೂ ಪಟ್ಟಿಗಳ ಕೋನ ಬದಲಾಗುವುದಿಲ್ಲ. ಗಿಟಾರ್, ಮ್ಯಾಂಡೊಲಿನ್‌ಗಳ ಬಿರಡೆಯಲ್ಲೂ ಇದೇ ಏರ್ಪಾಡು. ಒಮ್ಮೆ ಶ್ರುತಿ ಮಾಡಿದರೆ ತಂತಿಯ ಎಳೆತಕ್ಕೆ ಬಿರಡೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಕೋನದ ಗುಟ್ಟು ಸರಳ. ಸೂರ್ಯ ಎತ್ತರದಲ್ಲಿರುವಾಗ ಪಟ್ಟಿಗಳ ಹೊರ ಅಂಚನ್ನು ಕೆಳಕ್ಕೆ ವಾಲಿಸಿದರೆ ನೇರ ಬಿಸಿಲು ನಿಲ್ಲುತ್ತದೆ, ನೆಲದ ಮೇಲಿಂದ ಪುಟಿದ ಬೆಳಕು ಮಾತ್ರ ಬರುತ್ತದೆ. ಒಳ ಅಂಚನ್ನು ತಗ್ಗಿಸಿದರೆ ಆಕಾಶದ ಬೆಳಕು ಒಳಗಿಳಿಯುತ್ತದೆ. ಜಾಲಂಧ್ರಕ್ಕೆ ಸಾಧ್ಯವಾಗದ ಕೆಲಸ ಇಲ್ಲಿ ಬೆರಳ ತುದಿಯಲ್ಲಿ ಆಗುತ್ತದೆ.

ಬ್ರಿಟಿಷರೊಂದಿಗೆ ಇದು ಕಲ್ಕತ್ತೆಗೂ ಬಂತು. ಆದರೆ ಅಲ್ಲಿ ತೂಗುಪರದೆಗಿಂತ ಕಿಟಕಿಯ ಕದದಲ್ಲೇ ಮರದ ಪಟ್ಟಿಗಳನ್ನು ಕೂರಿಸುವ ಪದ್ಧತಿ ಬೇರೂರಿತು. ಬಂಗಾಳಿಗಳು ಇದನ್ನು ‘ಖೊರ್ಖೊರಿ’ ಎನ್ನುತ್ತಾರೆ. ನಡುವಿನ ಒಂದು ಉದ್ದ ಕೋಲನ್ನು ಮೇಲೆ ಕೆಳಗೆ ಮಾಡಿದರೆ ಎಲ್ಲ ಪಟ್ಟಿಗಳೂ ಒಟ್ಟಿಗೆ ತೆರೆದು ಮುಚ್ಚುತ್ತವೆ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಚಿತ್ರದ ಆರಂಭವನ್ನು ಅವಕಾಶ ಸಿಕ್ಕಾಗ ನೋಡಿ. ದೊಡ್ಡ ಮನೆಯಲ್ಲಿ ಒಂಟಿಯಾದ ಚಾರು ಕೈಯಲ್ಲಿ ಪುಟ್ಟ ದುರ್ಬೀನು ಹಿಡಿದು, ಕಿಟಕಿಯಿಂದ ಕಿಟಕಿಗೆ ಹೋಗಿ ಪಟ್ಟಿಗಳನ್ನು ತೆರೆದು ಬೀದಿಯನ್ನು ನೋಡುತ್ತಾಳೆ. ಮಾತಿಲ್ಲದೆ ಅವಳ ಬದುಕು ನಮಗೆ ಅರ್ಥವಾಗುತ್ತದೆ. ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದೊಂದು ಪಾಠ. ಅವಳೂ ಮನೆಯೊಳಗೇ ಇದ್ದಾಳೆ, ಆದರೆ ಪಟ್ಟಿ ತೆರೆಯುವ ಕೋಲು ಅವಳ ಕೈಯಲ್ಲಿದೆ. ಅಜ್ಮೀರಿನ ರಾಣಿಯರಿಗಿಂತ ಅವಳು ಒಂದು ಹೆಜ್ಜೆ ಮುಂದೆ.

ಸ್ಪ್ರಿಂಗು ಮತ್ತು ಅಲ್ಯೂಮಿನಿಯಂ

ಬಟ್ಟೆಯ ಸುರುಳಿಪರದೆಯನ್ನು, ಅಂದರೆ ರೋಲರ್ ಬ್ಲೈಂಡನ್ನು, ಕೆಳಗೆಳೆದರೆ ಬೇಕಾದಲ್ಲಿ ನಿಲ್ಲುತ್ತದೆ. ಸಣ್ಣಗೆ ಜಗ್ಗಿ ಬಿಟ್ಟರೆ ಸರ್ರನೆ ಮೇಲೇರುತ್ತದೆ. ಇದರ ಯಂತ್ರಕ್ಕೆ 1864ರಲ್ಲಿ ಅಮೆರಿಕದ ಸ್ಟೀವರ್ಟ್ ಹಾರ್ಟ್ಸ್‌ಹಾರ್ನ್ ಪೇಟೆಂಟ್ ಪಡೆದ. ಟೊಳ್ಳಾದ ದಂಡದೊಳಗೆ ಒಂದು ಉದ್ದ ಸ್ಪ್ರಿಂಗು ಇರುತ್ತದೆ. ಪರದೆ ಎಳೆದಾಗ ಅದು ಬಿಗಿಯಾಗುತ್ತದೆ. ದಂಡದ ತುದಿಯಲ್ಲಿರುವ ಪುಟ್ಟ ಕೊಕ್ಕೆ ಒಂದು ಕಚ್ಚಿಗೆ ಬಿದ್ದು ದಂಡವನ್ನು ಹಿಡಿದು ನಿಲ್ಲಿಸುತ್ತದೆ. ಸ್ವಲ್ಪ ಜಗ್ಗಿದಾಗ ಕೊಕ್ಕೆ ಕಚ್ಚಿನಿಂದ ಬಿಡುತ್ತದೆ. ಆಗ ದಂಡ ವೇಗವಾಗಿ ತಿರುಗಿದರೆ ಕೇಂದ್ರಾಪಗಾಮಿ ಬಲದಿಂದ ಕೊಕ್ಕೆ ಹೊರಕ್ಕೇ ಇದ್ದುಬಿಡುತ್ತದೆ, ಪರದೆ ಏರುತ್ತಲೇ ಹೋಗುತ್ತದೆ. ನಿಧಾನ ಮಾಡಿದರೆ ಕೊಕ್ಕೆ ಮತ್ತೆ ಕಚ್ಚಿಗೆ ಬೀಳುತ್ತದೆ. ಕಾರಿನ ಸೀಟ್ ಬೆಲ್ಟ್ ಇದಕ್ಕೆ ತದ್ವಿರುದ್ಧ. ಅದು ನಿಧಾನವಾಗಿ ಎಳೆದರೆ ಬರುತ್ತದೆ, ಜೋರಾಗಿ ಎಳೆದರೆ ಹಿಡಿದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದ ಅನಂತರ ಮರದ ಪಟ್ಟಿಗಳ ಜಾಗಕ್ಕೆ ಅಲ್ಯೂಮಿನಿಯಂ ಬಂತು. 1946ರಲ್ಲಿ ಹೆನ್ರಿ ಸೊನ್ನೆನ್‌ಬರ್ಗ್ ಮತ್ತು ಜೋ ಹಂಟರ್ ಕೂಡಿ ತೆಳುವಾದ ಅಲ್ಯೂಮಿನಿಯಂ ಪಟ್ಟಿ ತಯಾರಿಸುವ ವಿಧಾನವನ್ನು ರೂಪಿಸಿದರು. ಅಷ್ಟು ತೆಳು ತಗಡು ಬಾಗಿ ಜೋತು ಬೀಳುವುದಿಲ್ಲವೇ? ಆ ಪಟ್ಟಿಯನ್ನು ಗಮನಿಸಿ, ಅದು ಚಪ್ಪಟೆಯಾಗಿರುವುದಿಲ್ಲ, ಅಗಲದಲ್ಲಿ ಕೊಂಚ ಕಮಾನಿನಂತೆ ಬಾಗಿರುತ್ತದೆ. ಆ ಬಾಗೇ ಅದಕ್ಕೆ ಬಿಗಿ ಕೊಡುತ್ತದೆ. ಬಡಗಿಯ ಉಕ್ಕಿನ ಟೇಪು ಹೊರಗೆಳೆದಾಗ ನೆಟ್ಟಗೆ ನಿಲ್ಲುವುದೂ ಹೀಗೆಯೇ.

ಒಳಗೋ ಹೊರಗೋ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚಿಕ್, ತಟ್ಟಿ, ಖೊರ್ಖೊರಿ ಇವೆಲ್ಲ ಬಿಸಿಲನ್ನು ಮನೆಯ ಹೊರ ಅಂಚಿನಲ್ಲೇ ತಡೆದವು. ಬೆಂಗಳೂರು ದಂಡು ಪ್ರದೇಶದ ಹಳೆಯ ಬಂಗಲೆಗಳ ಕಿಟಕಿಗಳ ಮೇಲಿನ ಚೂಪು ಛಾವಣಿಯ ಮರದ ಮುಸುಕು, ಜನ ‘ಮಂಕಿ ಟಾಪ್’ ಎಂದು ಕರೆಯುವಂಥದು, ಅದೂ ಹೊರಗೇ ಇತ್ತು. ದೊಡ್ಡ ಗಾಜಿನ ಕಟ್ಟಡಗಳ ಕಾಲ ಬಂದಾಗ ಪರದೆ ಒಳಗೆ ಸರಿಯಿತು. ಧೂಳು ಮಳೆಗಳ ಕಾಟವಿಲ್ಲ, ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ನಷ್ಟವಿದೆ.

ಬಿಸಿಲು ಗಾಜಿನ ಮೂಲಕ ಸಲೀಸಾಗಿ ಹಾಯುತ್ತದೆ. ಒಳಗೆ ಬಂದು ಮೇಜು, ಗೋಡೆ, ಪರದೆಗಳ ಮೇಲೆ ಬಿದ್ದು ಅವನ್ನು ಬಿಸಿ ಮಾಡುತ್ತದೆ. ಬಿಸಿಯಾದ ವಸ್ತುಗಳು ಹೊರಸೂಸುವುದು ಉದ್ದ ಅಲೆಯ ಅವಕೆಂಪು ಕಿರಣಗಳನ್ನು. ಅವಕ್ಕೆ ಗಾಜು ದಾರಿ ಬಿಡುವುದಿಲ್ಲ. ಶಾಖ ಒಳಗೇ ಸೆರೆಯಾಗುತ್ತದೆ. ಒಳಗಿನ ಪರದೆ ಬಿಳಿಯದಾಗಿದ್ದರೆ ಒಂದಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಉಳಿದದ್ದನ್ನು ಹೀರಿ ತಾನೇ ಬಿಸಿಯಾಗಿ ಕೋಣೆಯನ್ನು ಬಿಸಿ ಮಾಡುತ್ತದೆ. ಹೊರಗಿನ ಪರದೆಯೂ ಬಿಸಿಯಾಗುತ್ತದೆ, ಆದರೆ ಆ ಬಿಸಿಯನ್ನು ಬೀಸುವ ಗಾಳಿ ಹೊತ್ತೊಯ್ಯುತ್ತದೆ. ಕಳ್ಳನನ್ನು ಬಾಗಿಲಾಚೆ ತಡೆಯುವುದಕ್ಕೂ ನಡುಮನೆಯಲ್ಲಿ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು.

ನ್ಯೂಯಾರ್ಕಿನ ಸೀಗ್ರಾಂ ಕಟ್ಟಡದಲ್ಲಿ (1958) ಇನ್ನೊಂದು ಸ್ವಾರಸ್ಯವಿದೆ. ಅದರ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ. ಒಬ್ಬೊಬ್ಬರು ಒಂದೊಂದು ಎತ್ತರಕ್ಕೆ ಪರದೆ ಇಳಿಸಿದರೆ ಹೊರಗಿನಿಂದ ಕಟ್ಟಡದ ಅಂದ ಕೆಡುತ್ತದೆಂದು, ಪರದೆಗಳು ಮೂರೇ ಸ್ಥಾನಗಳಲ್ಲಿ ನಿಲ್ಲುವಂತೆ ಮಾಡಿದರು: ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ. ಹಗ್ಗ ಒಳಗೆ ಕುಳಿತವರ ಕೈಯಲ್ಲಿ, ಅದರ ಲಗಾಮು ಮಾತ್ರ ವಾಸ್ತುಶಿಲ್ಪಿಯ ಕೈಯಲ್ಲಿ!

ಬಿಸಿಲನ್ನು ಹೊರಗೇ ತಡೆಯುವ ವಿದ್ಯೆಯನ್ನು ಶಾಸ್ತ್ರವಾಗಿ ಬರೆದವರಲ್ಲಿ ಒಬ್ಬರು ನಮ್ಮ ಬೆಂಗಳೂರಿಗೆ ಸೇರಿದವರು. ಹಿಟ್ಲರನ ಜರ್ಮನಿಯನ್ನು ತೊರೆದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾಗಿ ಕೆಲಸ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದರು. ಉಷ್ಣವಲಯದ ಮನೆಗಳನ್ನು ಕುರಿತು ಸಹೋದ್ಯೋಗಿಗಳೊಡನೆ ಅವರು ಬರೆದ ಪಠ್ಯಗ್ರಂಥ 1974ರಲ್ಲಿ ಪ್ರಕಟವಾಯಿತು. ಯಾವ ದಿಕ್ಕಿನ ಕಿಟಕಿಗೆ ಎಂಥ ನೆರಳು ಬೇಕೆಂದು ಸೂರ್ಯನ ಚಲನೆಯಿಂದ ಲೆಕ್ಕ ಹಾಕುವುದನ್ನು ಅದು ಕಲಿಸುತ್ತದೆ.

ನೀವೂ ಆ ಲೆಕ್ಕ ಮಾಡಬಹುದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ನೆತ್ತಿಯ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಈ ಎರಡೂ ದಿಕ್ಕುಗಳಲ್ಲಿ ಬಿಸಿಲು ಎತ್ತರದಿಂದ ಬರುವುದರಿಂದ ಒಂದು ಸಜ್ಜಾ ಅಥವಾ ಅಡ್ಡಪಟ್ಟಿಯ ಪರದೆ ಸಾಕು. ಪೂರ್ವ ಪಶ್ಚಿಮಗಳಲ್ಲಿ ಬಿಸಿಲು ತಗ್ಗಿನಿಂದ, ನೇರವಾಗಿ ಕಣ್ಣಿಗೇ ಬರುತ್ತದೆ. ಅಲ್ಲಿ ಸಜ್ಜಾ ಸೋಲುತ್ತದೆ. ಆಗ ನೆರವಿಗೆ ಬರುವುದು ಇಳಿಬಿಡುವ ಚಿಕ್, ಇಲ್ಲವೆ ನೆಟ್ಟನೆ ತೂಗುವ ಪಟ್ಟಿಗಳ ವರ್ಟಿಕಲ್ ಬ್ಲೈಂಡ್. ಅದರ ಪಟ್ಟಿಗಳನ್ನು ಸೂರ್ಯನಿಗೆ ಅಡ್ಡವಾಗಿ ಹೊರಳಿಸಬಹುದು.

ಚಳಿನಾಡುಗಳ ಸಮಸ್ಯೆ ಇದಕ್ಕೆ ವಿರುದ್ಧ, ಅಲ್ಲಿ ಶಾಖ ಹೊರಗೆ ಹೋಗಬಾರದು. 1973ರ ತೈಲ ಬಿಕ್ಕಟ್ಟಿನ ಅನಂತರ ಅಲ್ಲಿ ಜೇನುಗೂಡಿನಂಥ ಕೋಶಗಳ ಪರದೆಗಳು ಬಂದವು. ಕೋಶಗಳಲ್ಲಿ ಸಿಕ್ಕಿಬಿದ್ದ ಗಾಳಿ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ.

ಹಗ್ಗದ ಅಪಾಯ

ಇಷ್ಟೆಲ್ಲ ಅನುಕೂಲ ಕೊಟ್ಟ ಹಗ್ಗವೇ ಪ್ರಾಣವನ್ನೂ ತೆಗೆದಿದೆ. ತೂಗುವ ಹುರಿಯ ಕುಣಿಕೆಗೆ ಕುತ್ತಿಗೆ ಸಿಕ್ಕಿ ಪುಟ್ಟ ಮಕ್ಕಳು ಸತ್ತ ಘಟನೆಗಳು ಅನೇಕ ದೇಶಗಳಲ್ಲಿ ನಡೆದಿವೆ. ಇದು ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ನಡೆದುಹೋಗುವ ಅನಾಹುತ. ಬಹುಕಾಲದ ಹೋರಾಟದ ಅನಂತರ 2018ರ ಮಾನದಂಡದಲ್ಲಿ ಅಮೆರಿಕದ ಅಂಗಡಿಗಳ ಸಿದ್ಧ ಪರದೆಗಳಿಗೆ ಹುರಿಯೇ ಇರಬಾರದು, ಇದ್ದರೆ ಮಕ್ಕಳ ಕೈಗೆ ಸಿಗದಂತಿರಬೇಕು ಎಂದಾಯಿತು. ಇಂಥ ಪರದೆಗಳಲ್ಲಿ ಸ್ಪ್ರಿಂಗು ಅಥವಾ ಪುಟ್ಟ ಮೋಟಾರು ಹುರಿಯ ಕೆಲಸ ಮಾಡುತ್ತದೆ. ನಿಮ್ಮ ಮನೆಯಲ್ಲಿ ಹುರಿಯ ಪರದೆ ಇದ್ದರೆ ಇಂದೇ ನೋಡಿ. ಹುರಿಯನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ ಸುತ್ತಿ ಕಟ್ಟಿ. ತೊಟ್ಟಿಲು, ಮಂಚಗಳನ್ನು ಆ ಕಿಟಕಿಯಿಂದ ದೂರ ಸರಿಸಿ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳನ್ನು ತೆಗೆದುಕೊಳ್ಳಿ. ಒಂದು ಬದಿಯನ್ನು ಕತ್ತರಿಸಿ ಗಾಜು ಅಂಟಿಸಿ. ಒಂದರಲ್ಲಿ ಗಾಜಿನ ಒಳಗೆ, ಇನ್ನೊಂದರಲ್ಲಿ ಗಾಜಿನ ಹೊರಗೆ ಎರಡು ಬೆರಳು ದೂರದಲ್ಲಿ, ಒಂದೇ ಬಗೆಯ ಕಂದು ಕಾಗದ ತೂಗುಹಾಕಿ. ಎರಡರಲ್ಲೂ ಪ್ರಯೋಗಾಲಯದ ಉಷ್ಣಮಾಪಕ ಇಟ್ಟು, ಗಾಜನ್ನು ಬಿಸಿಲಿಗೆ ತಿರುಗಿಸಿ ಅರ್ಧ ಗಂಟೆ ಬಿಡಿ. ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡು ನಕ್ಷೆ ಎಳೆಯಿರಿ.

ಈ ಪ್ರಯೋಗದ ಫಲ ಪುಸ್ತಕದಲ್ಲಷ್ಟೇ ಉಳಿಯುವಂಥದಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತೆ’ ಎಂಬ ವಸತಿ ಕಟ್ಟಡಗಳ ನಿಯಮಾವಳಿಯಲ್ಲಿ ಗೋಡೆ, ಕಿಟಕಿಗಳ ಮೂಲಕ ಎಷ್ಟು ಶಾಖ ಒಳಬರಬಹುದೆಂಬುದಕ್ಕೆ ಮಿತಿ ಹಾಕಲಾಗಿದೆ. ಚಳಿಪ್ರದೇಶಗಳನ್ನು ಬಿಟ್ಟು ಉಳಿದೆಡೆ ಅದು ಚದರ ಮೀಟರಿಗೆ 15 ವ್ಯಾಟ್. ಕಿಟಕಿಯ ಹೊರಗಿನ ನೆರಳಿಗೆ ಆ ಲೆಕ್ಕದಲ್ಲಿ ಸ್ಥಾನವಿದೆ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ಮನೆ ಕಟ್ಟಿಸುತ್ತೀರಿ, ಎಲ್ಲರೂ ವಿದ್ಯುತ್ ಬಿಲ್ಲು ಕಟ್ಟುತ್ತೀರಿ. ಬಿಸಿಲನ್ನು ಮೊದಲು ಒಳಗೆ ಕರೆದು, ಆಮೇಲೆ ಏರ್ ಕಂಡೀಷನರ್ ಹಾಕಿ ಹೊರಗಟ್ಟುವುದಕ್ಕಿಂತ ಒಂದು ಬಿದಿರಿನ ಪರದೆಯನ್ನು ಹೊರಗೆ ತೂಗಿಬಿಟ್ಟು, ಅದರ ಹಗ್ಗವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಅಗ್ಗ.